ಶಬ್ದ ಇದೆ, ಗಾಳಿ ಇಲ್ಲ

ಟಿಕ್ ಅಂದಿತು, ಅಷ್ಟೇ, ಇನ್ನೊಂದು ಟಿಕ್, ಎರಡನೆಯ ವೇಗ, ಮತ್ತೊಂದು, ಮೂರನೆಯದು, ಗುಂಡಿ ತಿರುಗುವಷ್ಟು ತಿರುಗಿ ಕೊನೆಯಲ್ಲಿ ನಿಂತಿತು, ಆದರೂ ಗಾಳಿಬಾಯಿಯಿಂದ ಒಂದು ಉಸಿರಿಲ್ಲ, ಈಗ ಬಂತು, ಇನ್ನೇನು ಬಂತು ಅಂತ ಅಂಗೈ ಒಡ್ಡಿಕೊಂಡು ಕಾರಿನಲ್ಲಿ ಕೂತಿದ್ದಾನೆ ಪೊಲೊಕೊ, ಎಂಜಿನ್ನೇನೋ ಹದವಾಗಿ ಗುರುಗುಡುತ್ತಿದೆ, ಬಿಸಿಯ ಮುಳ್ಳು ಆಗಲೇ ಅರ್ಧಕ್ಕೆ ಏರಿದೆ, ಮೂತಿಯೊಳಗೆ ಕುದಿನೀರು ಓಡಾಡುತ್ತಿದೆ, ಆ ಬಿಸಿಯನ್ನು ಒಳಕ್ಕೆ ಊದುವ ಫ್ಯಾನೊಂದೇ ಸತ್ತುಬಿದ್ದಿದೆ, ಇವತ್ತೇ ಆಗಬೇಕಿತ್ತೇ, ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ಬೇರೆ ದಿನ ಸಿಗಲಿಲ್ಲವೇ ನಿನಗೆ, ಮಗಳ ಮುಖ ನೋಡಲು ಹೊರಟ ದಿನವೇ ಕೈಕೊಡಬೇಕೇ, ಮೂರು ತಿಂಗಳ ಮಗಳು, ಇನ್ನೂ ಒಮ್ಮೆಯೂ ನೋಡಿಲ್ಲ ಅವನು, ನೋಡುವ ಹಾಗಿಲ್ಲ, ಚೊಚ್ಚಲು ತವರಿನಲ್ಲೇ ಹುಟ್ಟಬೇಕು, ತವರಿನಲ್ಲೇ ಬೆಳೆದು ಗಟ್ಟಿಯಾಗಬೇಕು, ಅಲ್ಲಿಯವರೆಗೆ ಅಪ್ಪನಾದವನು ಇಲ್ಲಿ ಬುಥಾ-ಬುಥೆಯಲ್ಲಿ ಕೂತು ದಿನ ಎಣಿಸಬೇಕು, ಎಣಿಸಿ ಎಣಿಸಿ ಇವತ್ತಿಗೆ ಬಂದು ಮುಟ್ಟಿದ್ದಾನೆ, ಮೊಟೆಂಗ್ ಕಣಿವೆ ಏರಿ, ಅದಕ್ಕೂ ಎತ್ತರದ ಟ್ಲಾಯೆಂಗ್ ದಾಟಿ, ಸಂಜೆಯೊಳಗೆ ಅಲ್ಲಿ, ನಾಳೆ ಬೆಳಗ್ಗೆ ಹೆಂಡತಿ ಮಗಳ ಜೊತೆ ವಾಪಸು, ಜುಲೈ ಅಂದರೆ ಇಲ್ಲಿ ನಟ್ಟನಡು ಚಳಿಗಾಲ, ನಾಳೆ ಸಂಜೆಯಿಂದ ಹಿಮ ಅಂತ ರೇಡಿಯೊ ಹೇಳಿದೆ, ಹಿಮ ಬಿತ್ತೋ ದಾರಿ ಮುಚ್ಚಿತು, ದಾರಿ ಮುಚ್ಚಿತೋ ಹೆಂಡತಿಯ ತಾಯಿ ಮಾಥೆಬೆ ಮಗುವನ್ನು ಬಿಟ್ಟುಕೊಟ್ಟ ಹಾಗೆಯೇ, ಪೀಚ್ ಹೂ ಬಿಡೋ ತನಕ ಇಲ್ಲೇ ಇರ್ಲಿ ಅನ್ನುತ್ತಾಳೆ, ತಿಂಗಳು ತುಂಬೋ ಮುಂಚೆ ಹುಟ್ಟಿದ ಕೂಸು ಇದು, ನರ್ಸಮ್ಮ ಎದೆ ಮುಟ್ಟಿ ನೋಡಿ ಬೆಚ್ಚಗಿಡಿ ಅಂತ ಮೂರು ಸಲ ಹೇಳಿದಾಳೆ, ಮೂರು ಸಲ, ನೀನು ಒಂದು ಸಲ ಕೇಳಿಸ್ಕೋ ಸಾಕು.

ಮತ್ತೆ ನಿನ್ನೆ ಫೋನಿನಲ್ಲಿ ಅದೇ ಮಾಥೆಬೆ, ನಿನ್ನ ಕಾರಲ್ಲಿ ನಾನು ಒಂದು ಸಲ ಕೂತಿದೀನಿ, ಮರ್ತಿಲ್ಲ, ಕಿಟಕಿ ಗಾಜು ಕೆಳಗೆ ಜಾರಿ ಕೂತು ಮೇಲಕ್ಕೇಳಲೇ ಇಲ್ಲ, ಟ್ಲಾಯೆಂಗ್ ಗಾಳೀಲಿ ನನ್ನ ಕಿವಿ ಉದುರಿ ಬೀಳೋದೊಂದು ಬಾಕಿ, ಹೊರಡೋ ಮುಂಚೆ ಆ ಬಿಸಿಗಾಳಿ ಯಂತ್ರ ಹಾಕಿ ಫೋನ್ ಹತ್ರ ಹಿಡಿ, ನಾನು ಕಿವಿಯಾರೆ ಕೇಳ್ಬೇಕು, ಹನ್ನೊಂದರೊಳಗೆ ಕೇಳಿಸ್ಲಿಲ್ಲ ಅಂದ್ರೆ ಬರಬೇಡ, ಇಷ್ಟು ಹೇಳಿ ಇಟ್ಟೇಬಿಟ್ಟಳು, ಹೂಂ ಅಮ್ಮಾ ಅನ್ನುವುದಕ್ಕೂ ಬಿಡಲಿಲ್ಲ, ಅಷ್ಟೇ ತಾನೇ ಅಂದುಕೊಂಡಿದ್ದ ಅವನು ನಿನ್ನೆ, ನಗುತ್ತಲೇ ಮಲಗಿದ್ದ, ಈಗ ಎಂಟೂಕಾಲು, ತನ್ನೊಬ್ಬನ ಉಸಿರಿಗೇ ಮುಂದಿನ ಗಾಜು ಬೆಳ್ಳಗಾಗಿದೆ, ಮೂರು ಜನರ ಉಸಿರು ಸೇರಿದರೆ ಕಡಿದಾದ ತಿರುವಿನಲ್ಲಿ ಏನು ಕಂಡೀತು, ಹಿಂದಿನ ಸೀಟಿನಲ್ಲಿ ಮಡಿಸಿಟ್ಟ ಹೊಸ ಕಂಬಳಿ, ಕಂದು ಬಣ್ಣದ್ದು, ಅಂಚಿಗೆ ಹಳದಿ ಗೆರೆ, ಪುಟ್ಟದೂ ಒಂದಿದೆ ಅದರ ಮೇಲೆ, ಆ ಪುಟ್ಟದನ್ನು ಕನ್ನಡಿಯಲ್ಲಿ ಕಂಡದ್ದೇ ತಡ ಪೊಲೊಕೊ ಎಂಜಿನ್ ಆರಿಸಿ ಕೆಳಕ್ಕಿಳಿದ, ಸ್ಕ್ರೂಡ್ರೈವರ್ ಎಲ್ಲಿ, ಕೈಬೆರಳು ಮರಗಟ್ಟಿದ್ದರೂ ಮೈಯೆಲ್ಲ ಬಿಸಿ ಏರಿದೆ, ಆಗುತ್ತೆ, ಇನ್ನೂ ಎರಡೂಮುಕ್ಕಾಲು ಗಂಟೆ ಇದೆ, ಆಗಿಯೇ ತೀರುತ್ತೆ.

ಫ್ಯೂಸು ನೋಡಿದ, ಗಟ್ಟಿಯಾಗಿದೆ, ಒಂದು ವೇಗ ಸತ್ತು ಇನ್ನೊಂದು ಬದುಕಿದ್ದರೆ ಬೇರೆ ಮಾತು, ಎಲ್ಲವೂ ಒಟ್ಟಿಗೆ ಸತ್ತಿವೆ ಅಂದರೆ ಮೋಟಾರೇ, ಎಡಗಡೆಯ ಖಾನೆ ಬಿಚ್ಚಿ ಕೆಳಗೆ ತಲೆ ತೂರಿಸಿ ಬೆನ್ನಿನ ಮೇಲೆ ಅರ್ಧ ಕಾರಿನೊಳಗೆ ಅರ್ಧ ಅಂಗಳದಲ್ಲಿ ಮಲಗಿದ್ದಾನೆ, ಅಗೋ ಅದು, ಕರೀ ಡಬ್ಬಿ, ಮೂರು ಸ್ಕ್ರೂ, ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಬುಡಕ್ಕೊಂದು ಕುಟ್ಟಿದ, ಯಾರೋ ಬಂದು ನಿಂತರು, ಸೋದರತ್ತೆಯ ಗಂಬೂಟು ಕಾಣುತ್ತಿದೆ, ಅಪ್ಪನ ತಂಗಿ ಮಾತುಮೆಲೊ, ಮಾತು ಮುಗಿಸುವ ಪೈಕಿಯವಳಲ್ಲ, ಏನೋ ಕಾರಿನ ಹೊಟ್ಟೆ ಒಳಗೆ ಹೋಗಿ ಹೆರಿಗೆ ಮಾಡಿಸ್ತಿದೀಯ, ಅತ್ತೇ ಆ ಗುಂಡಿ ಸ್ವಲ್ಪ ತಿರುಗಿಸು, ಬೀಗದ ಕೈನೂ, ಯಾವ ಗುಂಡಿ, ರೇಡಿಯೋನಾ, ರೇಡಿಯೊ ಅಲ್ಲ ಅತ್ತೇ ಅದರ ಪಕ್ಕದ್ದು, ಟಿಕ್ ಟಿಕ್ ಟಿಕ್, ಅವನು ಮತ್ತೆ ಕುಟ್ಟಿದ, ಗುಂಯ್ ಅಂತು, ಒಂದೇ ಒಂದು ಗುಂಯ್, ಅರ್ಧ ಸುತ್ತು ಕೂಡ ಇಲ್ಲ, ಆದರೆ ಅಂತು, ಬದುಕಿದೆ ಅತ್ತೇ, ಬದುಕಿದೆ ಇದು, ಅಂದ ಪೊಲೊಕೊ ತಲೆ ಎತ್ತಿ ಹಣೆಯನ್ನು ಕಬ್ಬಿಣಕ್ಕೆ ಬಡಿದುಕೊಂಡು, ಬಡಿದದ್ದು ಗೊತ್ತೂ ಆಗಲಿಲ್ಲ, ಖುಷಿಯಲ್ಲಿರುವಾಗ ಅವನಿಗೆ ಹೀಗೆಯೇ, ಮದುವೆಯ ದಿನವೂ ಬಾಗಿಲಿಗೆ ತಲೆ ಹೊಡೆಸಿಕೊಂಡಿದ್ದ, ಹೆಂಡತಿ ಪುಲೆಂಗ್ ಎಷ್ಟು ನಕ್ಕಿದ್ದಳು, ಪುಲೆಂಗ್ ಅಂತ ಅವತ್ತಿಂದ ಯಾರೂ ಅವಳನ್ನು ಕರೆದಿಲ್ಲ, ಮದುವೆಯ ದಿನವೇ ಹೊಸ ಹೆಸರು, ಮಾಕನನೆಲೊ, ಕನನೆಲೊನ ತಾಯಿ, ಮನೆಗೆ ಬಂದ ಸೊಸೆಗೆಲ್ಲ ಹೀಗೆ ಹುಟ್ಟದ ಮಗುವಿನ ಹೆಸರನ್ನು ಮೊದಲೇ ತೊಡಿಸಿಬಿಡುತ್ತಾರೆ, ಹುಟ್ಟುವ ಮಗು ಬಂದು ಆ ಹೆಸರಿನಲ್ಲಿ ಕೂರಬೇಕು, ಏಳು ವರ್ಷ ಕಾದಿತು ಹೆಸರು, ಏಳು ವರ್ಷ ಅಂಗಡಿಯಲ್ಲಿ, ಚರ್ಚಿನಲ್ಲಿ, ನಲ್ಲಿಯ ಸಾಲಿನಲ್ಲಿ, ಕನನೆಲೊನ ತಾಯೀ ಹೇಗಿದೀಯ, ಚೆನ್ನಾಗಿದೀನಿ ಅನ್ನುತ್ತಿದ್ದಳು ಅವಳು, ಇಲ್ಲದ ಕನನೆಲೊನ ತಾಯಿ, ಮನೆಗೆ ಬಂದು ಬಿಂದಿಗೆಯನ್ನು ಕುಕ್ಕಿ ಇಡುತ್ತಿದ್ದಳು, ಅವಳು ಅತ್ತದ್ದಕ್ಕಿಂತ ಆ ಕುಕ್ಕುವ ಸದ್ದು ಅವನನ್ನು ಹೆಚ್ಚು ಸುಟ್ಟಿದೆ.

ಅದಕ್ಕೇ ಏಪ್ರಿಲ್‌ನಲ್ಲಿ ಆ ವಾರವಿಡೀ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಅವಳು ತವರಿನಲ್ಲಿ ದಿನ ನೋಡುತ್ತಿದ್ದಾಳೆ, ಸುದ್ದಿಯನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ, ಗಂಡಾದರೆ ಹಿಂದಿನಿಂದ ಬಂದು ದೊಣ್ಣೆಯಲ್ಲಿ ಬಾರಿಸುತ್ತಾರೆ, ಹೆಣ್ಣಾದರೆ ನೀರು ಎರಚುತ್ತಾರೆ, ಹಾಗಾಗಿ ದೊಣ್ಣೆ ಹಿಡಿದ ಮುದುಕ ಎದುರು ಬಂದರೂ ಬೆನ್ನು ಜುಂ ಅನ್ನುತ್ತಿತ್ತು, ದನ ಕಾಯುವವರನ್ನು ಕಂಡು ಬೇಲಿಯ ಆಚೆ ಸರಿಯುತ್ತಿದ್ದ, ಫ್ಯಾಕ್ಟರಿಯಲ್ಲಿ ರಿಪೇರಿಗೆಂದು ಹೊಲಿಗೆಯಂತ್ರದ ಕೆಳಗೆ ಬಗ್ಗಿದವನು ಯಾರ ಹೆಜ್ಜೆ ಕೇಳಿದರೂ ಎದ್ದು ನಿಲ್ಲುತ್ತಿದ್ದ, ಹೊಡೆತಕ್ಕೆ ಹೆದರಿ ಅಲ್ಲ, ಹೊಡೆತವೂ ಬರದೆ ನೀರೂ ಬರದೆ ಬರಿಗೈಯಲ್ಲಿ ಯಾರಾದರೂ ಮೆಲ್ಲಗೆ ನಡೆದು ಬಂದುಬಿಟ್ಟರೆ, ಅದಕ್ಕೆ ಹೆದರಿದ್ದ, ಆ ಬೆಳಗ್ಗೆ ಇದೇ ಅಂಗಳ, ಇದೇ ಕಾರು, ಮುಚ್ಚಳ ಎತ್ತಿ ಒಳಗೆ ಬಗ್ಗಿ ಪ್ಲಗ್ಗು ತಿಕ್ಕುತ್ತಿದ್ದ, ದಬಾರ್ ಅಂತ ತಣ್ಣೀರು ತಲೆಯ ಮೇಲೆ, ಕುತ್ತಿಗೆಯೊಳಗೆ, ಎಂಜಿನ್ನಿನ ಮೇಲೆ ಚುಯ್ ಅಂತ ಹಬೆ, ಉಸಿರು ಕಟ್ಟಿ ತಿರುಗಿದರೆ ಸೋದರತ್ತೆ, ಕೈಯಲ್ಲಿ ನೀಲಿ ಬಕೆಟ್ಟು, ಮಾತೇ ಹೊರಡದ ಮಾತುಮೆಲೊ, ಬಾಯಿ ಅಲುಗುತ್ತಿದೆ, ಕೆನ್ನೆ ಮೇಲೆ ನೀರು ಅವಳದ್ದೂ, ನೀರು, ನೀರು ಅತ್ತೇ, ನೀರಲ್ಲವಾ ಇದು, ನೀರೇ ಕಣೋ ಕತ್ತೆ, ದೊಣ್ಣೆಯಲ್ಲ, ನಿನ್ನ ಮನೆ ಬಕೆಟ್ಟು, ನಿನ್ನ ಮಗಳು, ಆಗ ನೋಡಿಕೊಂಡ ಅವನು, ಬರೀ ನೀರಲ್ಲ, ಅಂಗಿಯ ತುಂಬ ಕಾಳು, ಕೂದಲ ತುಂಬ ಕೆಂಪು ಜೋಳ, ನಲ್ಲಿಯಲ್ಲಿ ನೀರು ನಿಂತುಹೋಗಿತ್ತಂತೆ, ಫೋನು ಬಂದ ಕೂಡಲೇ ಕೈಗೆ ಸಿಕ್ಕ ಬಕೆಟ್ಟು ಎತ್ತಿದಾಳೆ, ಮಗುವಿನ ಹೆಸರಲ್ಲಿ ಜ್ವಾಲಾ ಅನ್ನುವ ಜೋಳದ ಹೆಂಡ ಕಾಯಿಸಬೇಕು ಅಂತ ತಾನೇ ಎರಡು ದಿನದ ಹಿಂದೆ ಮೊಳಕೆಗೆ ನೆನೆಹಾಕಿದ ಜೋಳದ ಬಕೆಟ್ಟು, ಸುದ್ದಿ ಬರುವ ಮುಂಚೆಯೇ ನೆನೆಹಾಕಿದ್ದಳು, ಅಷ್ಟು ನಂಬಿಕೆ ಅವಳಿಗೆ, ನನ್ನ ಮೊಳಕೆ ಹೋಯ್ತು, ನನ್ನ ಜ್ವಾಲಾ ಹೋಯ್ತು ಅಂತ ಅಳುತ್ತಲೇ ನಗುತ್ತಿದ್ದಳು, ಅವನ ರೆಪ್ಪೆಯ ಮೇಲೆ ಒಂದು ಕಾಳು ಅಂಟಿ ಕೂತಿತ್ತು, ಬೆರಳಲ್ಲಿ ತೆಗೆದು ನೋಡಿದ, ಕೆಂಪು ಕಾಳು, ಮೂತಿಯಲ್ಲಿ ಆಗಷ್ಟೇ ಒಡೆದ ಬಿಳಿ ಚುಕ್ಕೆ.

ಮೂರನೆಯ ಸ್ಕ್ರೂ ಬರುತ್ತಿಲ್ಲ, ತುಕ್ಕು, ಯಾಕಪ್ಪ ಇಲ್ಲಿ ಇಷ್ಟು ತುಕ್ಕು, ಒಳಗಿನ ಭಾಗ ಇದು, ಮಳೆ ಮುಟ್ಟದ ಜಾಗ, ಇರಲಿ, ಎಣ್ಣೆ ಬಿಡು, ಕಾದು ನೋಡು, ಕಾಯುವುದಕ್ಕೆ ಹೊತ್ತೆಲ್ಲಿದೆ, ತಿರುಗಿಸು, ಬಂತು ಬಂತು ಬಂತು, ಮೋಟಾರಿಗೆ ಹೋಗುವ ಎರಡು ತಂತಿಯ ಕೊಂಡಿ ಕರಗಿ ಮುದ್ದೆಯಾಗಿದೆ, ಪಾಪ, ತಿರುಗಲಾಗದೆ ಒದ್ದಾಡಿ ಕಾದುಹೋಗಿರಬೇಕು, ಕೊಂಡಿ ಕತ್ತರಿಸಿ ಎಸೆದ, ಡಬ್ಬಿಯನ್ನು ಮೆಲ್ಲಗೆ ಕೆಳಕ್ಕೆ ಎಳೆದ, ಫ್ಯಾನಿನ ಚಕ್ರವೂ ಜೊತೆಗೇ ಇಳಿಯಿತು, ಮುಖದ ಮೇಲೆ ಒಣಮಣ್ಣು ಉದುರಿತು, ಥೂ ಥೂ ಅಂತ ಉಗಿದು ಕೂತು ಬೆಳಕಿಗೆ ಹಿಡಿದ, ಹಿಡಿದವನು ಹಾಗೇ ಕೂತ, ಚಕ್ರದ ರೆಕ್ಕೆಗಳ ನಡುವೆ ಗೂಡು ಕಟ್ಟಿದ ಹಾಗೆ ಬೇರು, ಒಣಗಿದ ಬೇರು, ಕೂದಲಿಗಿಂತ ಸಣ್ಣದು, ಅಡ್ಡಾದಿಡ್ಡಿ ಹೆಣೆದುಕೊಂಡು ಚಕ್ರವನ್ನು ಗೋಡೆಗೆ ಕಟ್ಟಿಹಾಕಿದೆ, ಬೇರಿನ ನಡುವೆ ಕೆಂಪು ಕಾಳು, ಹತ್ತು, ಹನ್ನೆರಡು, ಎಲ್ಲ ಮೊಳೆತಿವೆ, ಒಂದೊಂದಕ್ಕೂ ಬಿಳಿ ಬಾಲ, ಬೆರಳುದ್ದ, ಕತ್ತಲಲ್ಲಿ ಬೆಳಕು ಯಾವ ಕಡೆ ಅಂತ ತಿಳಿಯದೆ ಸುತ್ತಿ ಸುತ್ತಿ ಬೆಳೆದಿವೆ, ಅತ್ತೇ, ಅತ್ತೇ ಬಾ ಇಲ್ಲಿ, ನಿನ್ನ ಜ್ವಾಲಾ ಇಲ್ಲಿದೆ, ಗಾಜಿನ ಬುಡದ ಜಾಲರಿ, ಅಲ್ಲಿಂದಲೇ ತಾನೇ ಇದು ಗಾಳಿ ಎಳೆಯುವುದು, ಅವತ್ತಿನ ನೀರು ಅಲ್ಲಿಂದಲೇ ಇಳಿದಿದೆ, ಕಾಳು ಸಮೇತ, ಆಮೇಲೆ ಕಾರನ್ನು ತಟ್ಟಿಯ ಅಡಿ ನಿಲ್ಲಿಸಿದವನು ಇವತ್ತೇ ಎಬ್ಬಿಸಿದ್ದು, ಮಗಳಿಗಾಗಿ ಪೆಟ್ರೋಲು ಉಳಿಸುತ್ತೇನೆ ಅಂತ ಫ್ಯಾಕ್ಟರಿಗೆ ನಡೆದೇ ಹೋಗಿದ್ದ, ಇಲ್ಲಿ ಒಳಗೆ ತೇವ ಕುಡಿದು ಹೊಲ ಎದ್ದಿದೆ, ಸೋದರತ್ತೆ ಬಗ್ಗಿ ನೋಡಿದಳು, ಕನ್ನಡಕ ಇಳಿಸಿ ನೋಡಿದಳು, ಕಳ್ಳ ಕಾರು, ನನ್ನ ಜೋಳ ನುಂಗಿ ಮೂರು ತಿಂಗಳು ಬಾಯಿಬಿಡದೆ ಕೂತಿತ್ತು ನೋಡು, ಅಲ್ಲ ಅತ್ತೇ ಕಾರನ್ನ ಕೊಂದಿದ್ದು ನೀನೇ, ನಾನು ಸುದ್ದಿ ಹೇಳಿದೆ ಕಣೋ, ನಿನ್ನ ಕಾರಿಗೂ ಹೇಳಿದ ಹಾಗಾಯ್ತು, ಅಂದಳು, ಇಬ್ಬರೂ ಚಳಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಬೇರು ಕೀಳುತ್ತಿದ್ದಾನೆ ಅವನು, ಒಂದು ಕಾಳನ್ನು ಕಿತ್ತೆಸೆಯಲು ಮನಸ್ಸು ಬರಲಿಲ್ಲ, ಬಾಲ ಮುರಿಯದ ಹಾಗೆ ಬಿಡಿಸಿ ಡ್ಯಾಶ್‌ಬೋರ್ಡಿನ ಮೇಲಿಟ್ಟ.

ಒಂಬತ್ತೂಮುಕ್ಕಾಲು, ಡಬ್ಬಿ ಬಿಚ್ಚಿದ್ದಾಯಿತು, ತಾಮ್ರದ ಉಂಗುರ ಮಸಿಯಾಗಿದೆ, ತಿಕ್ಕು, ಉಪ್ಪುಕಾಗದದಿಂದ ಸುತ್ತ ಸುತ್ತ ತಿಕ್ಕು, ಹೊಳೆಯಲಿ, ಅದಕ್ಕೆ ಒರಗಿ ಕೂರುವ ಇದ್ದಿಲಿನ ತುಂಡುಗಳಲ್ಲಿ ಒಂದು ತುಕ್ಕಿನಲ್ಲಿ ಸಿಕ್ಕು ಮುರಿದಿದೆ, ಹೋಯಿತು, ಇದಿಲ್ಲದೆ ಕರೆಂಟು ಒಳಗೆ ಹೋಗುವುದಿಲ್ಲ, ಇವತ್ತು ಶನಿವಾರ, ಅಂಗಡಿಗೆ ಹೋಗಿ ಹುಡುಕಿ, ಇಲ್ಲ, ಹನ್ನೊಂದು ಆಗಿಹೋಗುತ್ತೆ, ಇರು, ನಶ್ಯದ ಡಬ್ಬಿ, ಅಜ್ಜನ ಹಳೇ ನಶ್ಯದ ಡಬ್ಬಿಯಲ್ಲಿ ಅವನು ಫ್ಯಾಕ್ಟರಿಯ ಬಟ್ಟೆ ಕತ್ತರಿಸುವ ಯಂತ್ರದ ಸವೆದ ತುಂಡುಗಳನ್ನು ಕೂಡಿಟ್ಟಿದ್ದಾನೆ, ಕಸ ಯಾಕೆ ಮನೆಗೆ ತರ್ತೀಯ ಅನ್ನುತ್ತಿದ್ದಳು ಪುಲೆಂಗ್, ನೋಡು ಈಗ, ನೋಡು ನೀನಂದ ಕಸ, ಒಂದನ್ನು ಆರಿಸಿ ಕಲ್ಲಿಗೆ ತಿಕ್ಕಿದ, ಹೊಂದಿಸಿ ನೋಡಿದ, ಇನ್ನೊಂದಿಷ್ಟು ತಿಕ್ಕಿದ, ಬೆರಳು ಕರ್ರಗಾಗಿ ಮೂಗು ಒರೆಸಿದರೆ ಮೂಗೂ ಕರ್ರಗೆ, ಇಂಥಾ ಮುಖ ಇಟ್ಕೊಂಡು ಹೋದ್ರೆ ಮಗು ಹೆದರಿ ವಾಪಸ್ ಹೊಟ್ಟೆಗೆ ಹೋಗುತ್ತೆ ಅಂದಳು ಸೋದರತ್ತೆ ಬಿಸಿ ಮಕ್ವೇನ್ಯಾದ ತಟ್ಟೆ ತಂದಿಟ್ಟು, ಎಣ್ಣೆಯಲ್ಲಿ ಕರಿದ ಆ ಉಂಡೆಯೊಂದನ್ನು ಬಾಯಿಗೆ ತುರುಕಿಕೊಂಡೇ ಅವನು ಕೆಲಸ ಮಾಡಿದ, ಕೂಡಿಸಿದ, ಬುಡಕ್ಕೊಂದು ಹನಿ ಎಣ್ಣೆ, ಬ್ಯಾಟರಿಗೆ ತಂತಿ ಮುಟ್ಟಿಸಿದ, ಟರ್ ಅಂತ ತಿರುಗಿ ಮೋಟಾರು ಕೋಳಿಮರಿಯ ಹಾಗೆ ಕೈಯಿಂದ ಜಿಗಿಯಿತು, ಸೋದರತ್ತೆ ಎರಡು ಹೆಜ್ಜೆ ಹಿಂದಕ್ಕೆ, ಅವನು ಕುಣಿದೇಬಿಟ್ಟ, ನಿಜವಾಗಿ, ಅಂಗಳದಲ್ಲಿ, ಮೈಮೇಲೆ ಹೊದ್ದ ಹಳೇ ಕಂಬಳಿಯ ಸಮೇತ, ಆಮೇಲೆ ಮತ್ತೆ ಬೆನ್ನಮೇಲೆ ಮಲಗಿ ಡಬ್ಬಿ ಏರಿಸಿ ಸ್ಕ್ರೂ ಬಿಗಿದು ಎರಡು ತಂತಿಯನ್ನು ಎರಡು ತಂತಿಗೆ ಹೊಸೆದು ಪಟ್ಟಿ ಸುತ್ತಿದ, ಯಾವುದಕ್ಕೆ ಯಾವುದು ಅಂತ ನೋಡಲಿಲ್ಲ, ಬಣ್ಣವೇ ಉಳಿದಿಲ್ಲ, ಮೂವತ್ತು ವರ್ಷದ ಧೂಳು ಕುಡಿದು ಎಲ್ಲವೂ ಬೂದಿ ಬಣ್ಣ.

ಹತ್ತು ನಲವತ್ತು, ಎಂಜಿನ್ ಹೊತ್ತಿಸಿ ಬಿಸಿಯಾಗಲು ಬಿಟ್ಟ, ಗುಂಡಿ ತಿರುಗಿಸಿದ, ಒಂದು, ಎರಡು, ಮೂರು, ಹೂಂ ಅಂತ ಎಂಥಾ ಸೊಗಸಾದ ಸದ್ದು, ಹೊಸ ಕಾರಿಗೂ ಇಲ್ಲ ಇಂಥಾದ್ದು, ತಕ್ಷಣ ಫೋನು, ಮಾಥೆಬೆ ಮೊದಲ ಗಂಟೆಗೇ ಎತ್ತಿದಳು, ಕಾದು ಕೂತಿದ್ದಳೇನೋ, ಅಮ್ಮಾ ಕೇಳಿಸ್ಕೊಳ್ಳಿ ಅಂತ ಫೋನನ್ನು ಗಾಳಿಬಾಯಿಗೆ ಹಿಡಿದ, ಹಿಂದೆ ಮಗು ಅಳುತ್ತಿದೆ, ಅಯ್ಯೋ, ಅದು ಅವಳದ್ದೇ ದನಿ, ಕನನೆಲೊ, ಎಷ್ಟು ಸಣ್ಣ ದನಿ, ಎಷ್ಟು ಸಿಟ್ಟು, ಹೂಂ ಕೇಳಿಸ್ತು ಅಂದಳು ಮಾಥೆಬೆ, ಗಟ್ಟಿಯಾಗೇ ಇದೆ, ಸರಿ ಹೊರಡು, ಹೊರಡು ಅಂದಳು, ಹೊರಡು, ಫೋನು ಹಿಡಿದ ಕೈ ಇನ್ನೂ ಗಾಳಿಬಾಯಿಯ ಮುಂದೆಯೇ ಇದೆ, ಕೈ ತಣ್ಣಗಿದೆ, ಬೆರಳು ಬಿಡಿಸಿದ, ಮುಖ ಒಡ್ಡಿದ, ಇಲ್ಲ, ಎಲ್ಲೋ ಒಂದು ಎಳೆ, ಮಲಗಿದ ಮುದುಕನ ಉಸಿರಿನಷ್ಟು, ಇಷ್ಟು ಸದ್ದು ಮಾಡಿ ಇಷ್ಟೇನಾ, ಗಾಜು ಬೆಳ್ಳಗೆ ಹಾಗೇ ಇದೆ, ಆದರೆ ಅವಳು ಹೊರಡು ಅಂದಾಗಿದೆ, ಕೇಳಿದ್ದು ಸದ್ದು ತಾನೇ, ಸದ್ದು ಕೊಟ್ಟಿದ್ದೇನೆ, ಹೊಸ ಕಂಬಳಿ ಇದೆ, ಅದರ ಮೇಲೆ ಪುಟ್ಟದು ಇದೆ, ಎದೆಗೆ ಕಟ್ಟಿಕೊಂಡರೆ ಪುಲೆಂಗ್‌ನ ಮೈಬಿಸಿಯೇ ಸಾಕು, ಗಾಜನ್ನು ಒರೆಸುತ್ತ ಒರೆಸುತ್ತ ಹೋದರಾಯಿತು, ಇನ್ನೆರಡು ತಿಂಗಳು ಕಾಯಲಾರೆ, ಮಗು ಕಣ್ಣು ನಿಲ್ಲಿಸಿ ನೋಡುವ ಹೊತ್ತು ಇದು, ಮೊದಲು ಯಾರನ್ನು ನೋಡುತ್ತದೋ ಅವರದ್ದೇ ಆಗುತ್ತದೆ, ಇದು ನನ್ನದು, ನನ್ನ ಹಕ್ಕು, ತುಟಿಯವರೆಗೆ ಬಂದಿತ್ತು ಹೊರಟೆ ಅಮ್ಮಾ ಅನ್ನುವುದು, ಆ ಕಡೆ ಮಗು ಅತ್ತು ಅತ್ತು ಕೆಮ್ಮಿತು, ಸಣ್ಣ ಕೆಮ್ಮು, ಒಣ ಕೆಮ್ಮು, ಟ್ಲಾಯೆಂಗಿನ ತಲೆಯ ಮೇಲೆ, ಮುಚ್ಚಿದ ಕಾರಿನಲ್ಲಿ, ಆ ಕೆಮ್ಮು.

ಅಮ್ಮಾ, ಶಬ್ದ ಇದೆ, ಗಾಳಿ ಇಲ್ಲ, ಅಂದುಬಿಟ್ಟ ಪೊಲೊಕೊ, ಬೆಟ್ಟದ ಗಾಳಿ ಫೋನಿನಲ್ಲಿ ಗೊರಗುಟ್ಟಿತು, ಏನಂದೆ, ಸುಮ್ಮನೆ ತಿರುಗ್ತಿದೆ ಅಮ್ಮಾ, ಬಿಸಿ ಬರ್ತಿಲ್ಲ, ನಾನು ಹೊರಡು ಅಂದೆನಲ್ಲ, ಅಂದ್ರಿ, ಅಂದ ಮೇಲೂ ಹೇಳ್ದೆಯಾ, ಇನ್ನೂ ಹದಿನೈದು ನಿಮಿಷ ಇದೆ ಕಣಪ್ಪ, ನಾನು ಫೋನ್ ಇಡಲ್ಲ, ನೋಡು ಏನಾಗಿದೆ ಅಂತ, ಅಂದಳು ಮಾಥೆಬೆ, ಕಣಪ್ಪ ಅಂದಳು, ಏಳು ವರ್ಷದಲ್ಲಿ ಒಮ್ಮೆಯೂ ಅಷ್ಟು ಮೆತ್ತಗೆ ಮಾತಾಡಿದವಳಲ್ಲ, ಫೋನನ್ನು ಸೋದರತ್ತೆಯ ಕೈಗಿಟ್ಟು ಮತ್ತೆ ಬೆನ್ನಮೇಲೆ, ಯೋಚಿಸು, ಸದ್ದಿದೆ ಗಾಳಿಯಿಲ್ಲ, ತಿರುಗುತ್ತಿದೆ ಬೀಸುತ್ತಿಲ್ಲ, ಮೇಲೆ ಬೀಗಿತ್ತಿಯರಿಬ್ಬರ ಮಾತು ಆಗಲೇ ಶುರು, ನಿಮ್ಮ ಕಡೆ ಹಿಮ ಬಿತ್ತಾ, ನಮ್ಮ ಜೋಳ ಮೊಳೆತಿತ್ತು ಕಣ್ರೀ ಕಾರಲ್ಲಿ, ಏನು ಮೊಳೆತಿತ್ತು, ಕೆಳಗೆ ಅವನ ತಲೆಯಲ್ಲಿ ಫ್ಯಾಕ್ಟರಿ, ಅಲ್ಲಿ ಹೊಸಬರು ಹೊಲಿಗೆಯಂತ್ರಕ್ಕೆ ಕರೆಂಟು ಕೊಡುವಾಗ ತಂತಿ ಅದಲುಬದಲು ಮಾಡಿ ಚಕ್ರ ಹಿಂದುಮುಂದಾಗಿ, ಹಿಂದುಮುಂದು, ಅಯ್ಯೋ ಬೂದಿ ಬಣ್ಣದ ತಂತಿ, ಹಿಂದಕ್ಕೆ ತಿರುಗುತ್ತಿದೆ ಇದು, ಅಷ್ಟೇ, ಅಷ್ಟೇ ಅತ್ತೇ, ಹತ್ತು ವರ್ಷ ಬೇರೆಯವರಿಗೆ ಬೈದ ತಪ್ಪನ್ನು ನಾನೇ ಮಾಡಿದೀನಿ, ಪಟ್ಟಿ ಕಿತ್ತ, ಇದನ್ನು ಅದಕ್ಕೆ ಅದನ್ನು ಇದಕ್ಕೆ, ಹೊಸೆ, ಸುತ್ತು, ಅತ್ತೇ ತಿರುಗಿಸು, ಯಾವ ಗುಂಡಿ, ಅದೇ ಅತ್ತೇ, ಟಿಕ್.

ಭರ್ ಅಂತ ನುಗ್ಗಿತು ಗಾಳಿ, ಮೊದಲು ಮಣ್ಣು, ಹೊಟ್ಟು, ತುಕ್ಕಿನ ಪುಡಿ, ಸೋದರತ್ತೆ ಕಣ್ಣು ಮುಚ್ಚಿಕೊಂಡು ಬೈದಳು, ಆಮೇಲೆ ಬಿಸಿ, ಬಿಸಿ ಬಿಸಿ, ಅವನು ಎದ್ದು ಸೀಟಿನಲ್ಲಿ ಕೂತು ಕರೀ ಕೈ ಎರಡನ್ನೂ ಒಡ್ಡಿದ, ಗಾಜಿನ ಬುಡದಲ್ಲಿ ಒಂದು ಅಂಗೈಯಗಲ ಜಾಗ ತಿಳಿಯಾಯಿತು, ಅಗಲವಾಯಿತು, ಪೀಚ್ ಮರ ಕಂಡಿತು, ಬೇಲಿ ಕಂಡಿತು, ದಾರಿ ಕಂಡಿತು, ಸೋದರತ್ತೆ ಫೋನನ್ನು ಗಾಳಿಗೆ ಹಿಡಿದಿದ್ದಾಳೆ, ಆ ಕಡೆ ಅಳು ಜೋರಾಗಿದೆ, ಜೋರಾಗಿ, ತಡೆದು, ನಿಂತಿತು, ಏನಾಯ್ತು ಅಮ್ಮಾ, ಏನಿಲ್ಲ ಅಂದಳು ಮಾಥೆಬೆ ದನಿ ತಗ್ಗಿಸಿ, ಫೋನನ್ನ ಅವಳ ಕಿವಿ ಹತ್ರ ಇಟ್ಟಿದೀನಿ, ನಿನ್ನ ಗಾಳಿ ಕೇಳ್ತಿದಾಳೆ, ಕಣ್ಣು ಇಷ್ಟಗಲ ಬಿಟ್ಕೊಂಡು, ಬಾ ಅಂದಳು, ಪೆಟ್ರೋಲು ನೋಡಬೇಕು, ಹಿಮ ಸಿಕ್ಕರೆ ಚಕ್ರಕ್ಕೆ ಸುತ್ತುವ ಸರಪಳಿ ಹಾಕಿಕೊಳ್ಳಬೇಕು, ಮುಖ ತೊಳೆಯಬೇಕು, ಹನ್ನೊಂದಕ್ಕೆ ಇನ್ನೂ ನಾಲ್ಕು ನಿಮಿಷ, ಎದ್ದು ಹೋಗಬೇಕು ಅಂದುಕೊಳ್ಳುತ್ತಾನೆ ಪೊಲೊಕೊ, ಏಳುತ್ತಿಲ್ಲ, ಡ್ಯಾಶ್‌ಬೋರ್ಡಿನ ಮೇಲೆ ಆ ಕಾಳು, ಕೆಂಪು ಕಾಳು, ಕತ್ತಲಲ್ಲಿ ಬೆಳೆದ ಅದರ ಬಿಳಿ ಬಾಲ, ಬೆಚ್ಚನೆಯ ಗಾಳಿಗೆ ಮೆಲ್ಲಗೆ ಅಲುಗುತ್ತಿದೆ.